ರೂಲಿನಾ ಗ್ಯಾಸ್ ಕೀಳಿಸಿದ ದಿನ

ಗ್ಯಾಸಿನ ನಲ್ಲಿ ಮುಚ್ಚಿಸುವುದು ಬೇರೆ, ಕೊಳವೆಯನ್ನೇ ನೆಲದಿಂದ ಕೀಳಿಸುವುದು ಬೇರೆ. ಮೊದಲನೆಯದನ್ನು ಔಟರ್‌ವರ್ಡ್ ಊರಿನಲ್ಲಿ ಎಷ್ಟೋ ಮನೆಯವರು ಸದ್ದಿಲ್ಲದೆ ಮಾಡಿ ಮುಗಿಸಿದ್ದರು. ಎರಡನೆಯದಕ್ಕೆ ಟೊಂಕ ಕಟ್ಟಿ ನಿಂತವಳು ರೂಲಿನಾ ಒಬ್ಬಳೇ.

ಫೋನಿನಲ್ಲಿ ಗ್ಯಾಸ್ ಕಂಪನಿಯ ಹುಡುಗಿ ನಯವಾಗಿಯೇ ಹೇಳಿದಳು. "ನಲ್ಲಿ ಮುಚ್ಚಿ ಸೀಲ್ ಹಾಕಿಬಿಡ್ತೀವಿ. ಕೊಳವೆ ಅದರ ಪಾಡಿಗೆ ನೆಲದಲ್ಲಿರ್ಲಿ. ಮುಂದೆ ಮನಸ್ಸು ಬದಲಾದ್ರೆ ನಿಮಗೇ ಸುಲಭ."

"ಬದಲಾಗಲ್ಲ."

"ಈಗ ಹಾಗನ್ಸುತ್ತೆ, ಆದ್ರೆ…"

"ನೋಡಮ್ಮ, ಬಾಗಿಲು ಬರೀ ಮುಚ್ಚಿದ್ರೆ ತಟ್ಟೋರು ಇದ್ದೇ ಇರ್ತಾರೆ. ನನಗೆ ಬಾಗಿಲೇ ಬೇಡ. ಬೀದೀಲಿ ಕತ್ತರಿಸ್ಬೇಕು, ಅಂಗಳದಿಂದ ಎಳೆದು ಹಾಕ್ಬೇಕು, ಗೋಡೆಯ ತೂತು ಮುಚ್ಬೇಕು. ಯಾವತ್ತು ಬರ್ತೀರಾ ಅಷ್ಟು ಹೇಳು. ಫೆಬ್ರವರಿ ಒಂಬತ್ತಕ್ಕಾದ್ರೆ ಇನ್ನೂ ಒಳ್ಳೇದು. ಅವತ್ತು ನನ್ನ ಹುಟ್ಟುಹಬ್ಬ."

ಅರವತ್ತು ದಾಟಿದ ಬಸ್ ಡ್ರೈವರೊಬ್ಬಳು ತನ್ನ ಉಡುಗೊರೆಯನ್ನು ತಾನೇ ಗೊತ್ತುಮಾಡಿಕೊಂಡದ್ದು ಹೀಗೆ. ಗ್ರೋನಿಂಗನ್ ಪಟ್ಟಣದಿಂದ ಸಮುದ್ರದ ಒಡ್ಡಿನವರೆಗೆ ಓಡುವ ಬಸ್ಸು ಅವಳದು. ಓಡಿ ಬರುವವರಿಗೆ ಕಾಯುತ್ತಾಳೆ, ಸೋಮಾರಿಯಾಗಿ ನಡೆದು ಬರುವವರಿಗೆ ಮುಖದ ಮೇಲೇ ಬಾಗಿಲು ಹಾಕುತ್ತಾಳೆ. ಅವಳ ಗಂಡ ಡೆರ್ಕ್ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಹೆಂಡತಿಯ ಬಾಯಿಗೆ ಸಿಕ್ಕುವುದಕ್ಕಿಂತ ಟ್ರ್ಯಾಕ್ಟರಿನ ಅಡಿಗೆ ಸಿಕ್ಕುವುದು ಮೇಲು ಎಂದು ಅವನು ತಮಾಷೆಗೆ ಹೇಳುತ್ತಿದ್ದ, ಅದೂ ಅವಳು ಬಸ್ಸಿನಲ್ಲಿರುವಾಗ.

ಅವಳ ಹಟಕ್ಕೆ ಕಾರಣ ಮುಂದಿನ ಕೋಣೆಯ ಗೋಡೆಯಲ್ಲಿತ್ತು. ಕಿಟಕಿಯ ಮೂಲೆಯಿಂದ ಹೊರಟು ಚಾವಣಿಯವರೆಗೆ ಹತ್ತಿದ ಬಿರುಕು. ಹೊರಗಡೆ ಅದೇ ಗೋಡೆಗೆ ದಪ್ಪ ಮರದ ತೊಲೆಗಳನ್ನು ಓರೆಯಾಗಿ ಆನಿಸಿ, ಕಾಲು ಮುರಿದವನಿಗೆ ಕೋಲು ಕೊಟ್ಟ ಹಾಗೆ ನಿಲ್ಲಿಸಿದ್ದರು. ಹೊಗೆಗೂಡನ್ನು ಬೀಳುವ ಮೊದಲೇ ಇಳಿಸಿಬಿಟ್ಟಿದ್ದರು. ಆ ಸೀಮೆಯ ಹೊಲಗಳ ಕೆಳಗಿನಿಂದ ಒಂದು ತಲೆಮಾರಿಗೂ ಮೀರಿ ಗ್ಯಾಸ್ ಎಳೆದರು. ಖಾಲಿಯಾದ ನೆಲ ಕುಸಿಯಿತು, ಕುಸಿದಾಗ ನಡುಗಿತು, ನಡುಗಿದಾಗ ಮನೆಗಳು ಸೀಳಿದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಊರಿನ ಮಕ್ಕಳಿಗೂ ಇದು ಗೊತ್ತು. ಸರ್ಕಾರ ಕೂಡ ಒಪ್ಪಿಕೊಂಡು ಬಾವಿಗಳನ್ನು ಮುಚ್ಚಿತು. ಒಪ್ಪದೆ ಉಳಿದವನು ಒಬ್ಬನೇ, ಅವನು ರೂಲಿನಾಳ ಒಡಹುಟ್ಟಿದ ಅಣ್ಣ ರೈಂಟ್.

ರೈಂಟ್ ಹುಡುಗನಾಗಿದ್ದಾಗಿನಿಂದ ನಿವೃತ್ತನಾಗುವವರೆಗೂ ಆ ಗ್ಯಾಸ್ ಬಾವಿಗಳಲ್ಲೇ ದುಡಿದವನು. ಕೆಲಸ ಬಿಡುವಾಗ ಕಂಪನಿ ಅವನ ಕೋಟಿಗೆ ಜ್ವಾಲೆಯಾಕಾರದ ಪುಟ್ಟ ಬೆಳ್ಳಿಯ ಪದಕ ಚುಚ್ಚಿ ಕಳಿಸಿತ್ತು. ಮದುವೆಯಾಗಲಿ ಸಾವಾಗಲಿ ಅದಿಲ್ಲದೆ ಅವನು ಹೊರಡುತ್ತಿರಲಿಲ್ಲ. "ನಮ್ಮ ಗ್ಯಾಸು ಇಡೀ ದೇಶಾನ ಬೆಚ್ಚಗಿಟ್ಟಿತ್ತು" ಎನ್ನುವಾಗ ಅವನ ಎದೆ ಉಬ್ಬುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಬಿರುಕಿನ ಮಾತು ಬಂದರೆ, "ಹಳೇ ಮನೆ ಕಣೇ. ಜೇಡಿಮಣ್ಣು. ಬಿರುಕು ಬಿಡುತ್ತೆ" ಎಂದು ಮುಖ ತಿರುಗಿಸುತ್ತಿದ್ದ.

ಇದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಬೇರೆಯೇ ಇತ್ತು. ಹನ್ನೆರಡು ವರ್ಷದ ಹಿಂದೆ ಒಂದು ಆಗಸ್ಟಿನಲ್ಲಿ ಮನೆ ಗಡಗಡ ನಡುಗಿ, ಕಪಾಟಿನ ಪಿಂಗಾಣಿಯೆಲ್ಲ ನೆಲಕ್ಕೆ ಬಿದ್ದು, ಗಂಡ ಹೆಂಡತಿ ಮಲಗುವ ಬಟ್ಟೆಯಲ್ಲೇ ಅಂಗಳಕ್ಕೆ ಓಡಿದ್ದರು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಅವಳು ಮೊದಲು ಫೋನ್ ಮಾಡಿದ್ದು ಅಣ್ಣನಿಗೆ. ಅವನು, "ಲಾರಿ ಹೋಗಿರ್ಬೇಕು. ಹೋಗಿ ಮಲ್ಕೋ, ಹುಡುಗಿ" ಅಂದ. ಮಾರನೆಯ ಬೆಳಿಗ್ಗೆ ಗೋಡೆಯಲ್ಲಿ ಬಿರುಕು ಕಂಡಿತು. ಅಣ್ಣನ ಬಾಯಿಂದ ಆ ಲಾರಿಯನ್ನು ಹಿಂದಕ್ಕೆ ತೆಗೆಸಬೇಕೆಂದು ಅವಳು ಅಂದಿನಿಂದ ಕಾಯುತ್ತಿದ್ದಳು. ತಪ್ಪಾಯಿತು ಎನ್ನುವುದು ಬೇಡ, ಅಳುವುದು ಬೇಡ. ಇದು ಗ್ಯಾಸಿನಿಂದ ಆದದ್ದು ಎಂಬ ಒಂದು ಮಾತು ಸಾಕಿತ್ತು. ಅದಷ್ಟೇ ಅವನಿಂದ ಹೊರಡುತ್ತಿರಲಿಲ್ಲ.

ಕ್ರಿಸ್ಮಸ್‌ನ ಎರಡನೆಯ ದಿನ ರೈಂಟನ ಮನೆಯಲ್ಲಿ ಎಲ್ಲರಿಗೂ ಊಟ. ಅವನ ಹೆಂಡತಿ ಫೆನ್ನಾ ಸಾಸಿವೆ ಸೂಪು ಬಡಿಸುತ್ತಿದ್ದಾಗ ಹೀಟ್ ಪಂಪಿನ ಮಾತು ಬಂತು. ರೂಲಿನಾಳ ಹಿತ್ತಲಿನಲ್ಲಿ ಅಕ್ಟೋಬರಿನಿಂದ ಒಂದು ದೊಡ್ಡ ಬಿಳಿ ಡಬ್ಬ ಕೂತಿತ್ತು. ಅದರೊಳಗೆ ಫ್ಯಾನು ತಿರುಗಿದರೆ ಮನೆಯೊಳಗೆ ನೀರು ಬಿಸಿಯಾಗಿ ಕೋಣೆಗಳು ಬೆಚ್ಚಗಾಗಬೇಕು.

"ಅದೂ ಒಂದು ಒಲೆಯಾ?" ಎಂದ ರೈಂಟ್. "ನಮ್ಮ ಕೋಳಿಗೂಡಿಗೆ ಬೇಕಾದ್ರೆ ಸಾಕಾಗ್ಬಹುದು."

"ನಿನ್ನ ಕೋಳಿಗಳಿಗೆ ನಿನ್ನ ಮಾತಿನ ಬಿಸೀನೇ ಸಾಕು. ನಾವು ಅದು ಬಂದಾಗಿಂದ ಒಂದಿನ ಗ್ಯಾಸ್ ಬಾಯ್ಲರ್ ಹಚ್ಚಿಲ್ಲ."

"ಇದೂ ಒಂದು ಚಳಿಯಾ? ಪೂರ್ವದ ಗಾಳಿ ಬೀಸ್ಲಿ, ಕಾಲುವೆ ಹೆಪ್ಪುಗಟ್ಲಿ, ಆವಾಗ ಮಾತಾಡು. ನಿನ್ನ ಹುಟ್ಟುಹಬ್ಬಕ್ಕೆ ನಾವೆಲ್ಲ ಕೋಟು ಹಾಕ್ಕೊಂಡೇ ಕೂರ್ತೀವಿ, ನೋಡ್ತಿರು!"

ಮೇಜಿನ ಸುತ್ತ ನಗು ಎದ್ದಿತು. ಡೆರ್ಕ್ ಕೂಡ ನಕ್ಕ, ಹೆಂಡತಿ ನೋಡಿದ್ದು ಕಂಡು ಸೂಪಿನಲ್ಲಿ ಮುಖ ಮುಳುಗಿಸಿದ. ರೂಲಿನಾ ಚಮಚ ಕೆಳಗಿಟ್ಟಳು.

"ಪಣ ಕಟ್ತೀಯಾ?"

"ಏನಂತ?"

"ಹುಟ್ಟುಹಬ್ಬದ ದಿನ ಬೆಳಿಗ್ಗೇನೇ ಗ್ಯಾಸಿನ ಕೊಳವೆ ಕೀಳಿಸ್ತೀನಿ. ಮಧ್ಯಾಹ್ನ ನೀವೆಲ್ಲ ಬನ್ನಿ. ನೀವು ಬರೋ ಹೊತ್ತಿಗೆ ನನ್ನ ಕೋಣೆ ಇಪ್ಪತ್ತು ಡಿಗ್ರಿ ಮುಟ್ಟಿರ್ಲಿಲ್ಲ ಅಂದ್ರೆ ನಾನು ಸೋತೆ. ಆ ಬಿರುಕಿನ ಮಾತು ನಿನ್ನೆದುರು ಸಾಯೋವರೆಗೂ ಎತ್ತಲ್ಲ."

ರೈಂಟನ ಕಣ್ಣು ಅರಳಿತು. ಅವನಿಗೆ ಬೇಕಿದ್ದುದೂ ಅಷ್ಟೇ. "ಮುಟ್ಟಿದ್ರೆ?"

"ಮುಟ್ಟಿದ್ರೆ ನೀನು ಎದ್ದು ನಿಂತು, ಎಲ್ಲರೆದುರಿಗೂ, ಬಿರುಕಿಗೆ ಬೆರಳಿಟ್ಟು ಅದು ಯಾತರಿಂದ ಆಯ್ತು ಅಂತ ಹೇಳ್ಬೇಕು."

ನಗು ನಿಂತಿತು. "ಸೂಪು ಆರಿ ಹೋಗುತ್ತೆ" ಎಂದು ಫೆನ್ನಾ ಯಾರಿಗೂ ಅಲ್ಲದಂತೆ ಹೇಳಿದಳು. ರೈಂಟ್ ತಂಗಿಯತ್ತ ಕೈ ಚಾಚಿದ. ದನದ ವ್ಯಾಪಾರಿಗಳು ದರ ಕುದುರಿದಾಗ ಹೊಡೆಯುವಂತೆ ಇಬ್ಬರೂ ಅಂಗೈಗೆ ಅಂಗೈ ಪಟಾರೆಂದು ಹೊಡೆದರು. ಹಾಗೆ ಹೊಡೆದ ಮೇಲೆ ಆ ಸೀಮೆಯಲ್ಲಿ ಮಾತು ತಪ್ಪುವ ಹಾಗಿಲ್ಲ.

ದೇವರು ರೈಂಟನ ಕಡೆಯೇ ಇದ್ದನೋ ಏನೋ, ಫೆಬ್ರವರಿ ಹುಟ್ಟಿದ್ದೇ ತಡ ಪೂರ್ವದ ಗಾಳಿ ಬೀಸತೊಡಗಿತು. ಕಾಲುವೆಗಳು ಹೆಪ್ಪುಗಟ್ಟಿದವು. ಊರಿನ ಅರ್ಧ ಜನ ಕೆಲಸಕ್ಕೆ ಚಕ್ಕರ್ ಹೊಡೆದು ಮಂಜುಗಡ್ಡೆಯ ಮೇಲೆ ಜಾರುವುದಕ್ಕೆ ಹೋದರು. ರೂಲಿನಾಳ ಬಿಳಿ ಡಬ್ಬ ಮಾತ್ರ ಹಗಲಿರುಳು ಗುರ್ ಎನ್ನುತ್ತಾ ಮನೆಯನ್ನು ಇಪ್ಪತ್ತು ಡಿಗ್ರಿಯಲ್ಲಿ ಹಿಡಿದೇ ಇತ್ತು. ಅವಳು ದಿನಕ್ಕೆ ಹತ್ತು ಸಲ ಗೋಡೆಯ ಮೇಲಿನ ಅಂಕಿ ನೋಡಿ ಹಲ್ಲು ಕಿರಿಯುತ್ತಿದ್ದಳು. ಬಸ್ಸಿನಲ್ಲಿ ಹತ್ತಿದವರಿಗೂ ಅದನ್ನೇ ಹೇಳುತ್ತಿದ್ದಳು, ಕೇಳಿದರೂ ಸರಿ, ಕೇಳದಿದ್ದರೂ ಸರಿ.

ಪಂಪು ಕೂರಿಸಿದವನು ಒಂದೇ ಒಂದು ಮಾತು ಹೇಳಿ ಹೋಗಿದ್ದ. "ಇದು ಗ್ಯಾಸ್ ಬಾಯ್ಲರ್ ಅಲ್ಲ. ಬಾಯ್ಲರ್ರು ಓಡೋ ಕುದುರೆ, ಇದು ಉಳೋ ಎತ್ತು. ಎಷ್ಟಕ್ಕಿಡ್ತೀರೋ ಅಷ್ಟಕ್ಕೇ ಬಿಟ್ಬಿಡಿ. ರಾತ್ರಿ ಇಳಿಸೋದು, ಬೆಳಿಗ್ಗೆ ಏರಿಸೋದು ಮಾಡ್ಬೇಡಿ. ಇಳಿದ್ರೆ ಮೇಲೆ ಬರೋಕೆ ದಿನಗಟ್ಟಲೆ ಬೇಕು." ಹೇಳಿದ್ದಷ್ಟೇ ಅಲ್ಲ, ಇಬ್ಬರ ಮುಖವನ್ನೂ ನೋಡಿ ಏನು ಹೊಳೆಯಿತೋ, ಗೋಡೆಯ ಮೇಲಿನ, ಬಿಸಿ ಏರಿಸಿ ಇಳಿಸುವ ಗುಂಡಿ ತಿರುಗದ ಹಾಗೆ ಅದರ ಮೇಲೆ ಕೆಂಪು ಟೇಪು ಅಂಟಿಸಿಬಿಟ್ಟಿದ್ದ.

ಅವನು ಜನವನ್ನು ಬಲ್ಲವನು. ಮಲಗುವ ಮುನ್ನ ಮನೆಯ ಬಿಸಿ ಇಳಿಸುವುದು ಆ ಊರಿನವರಿಗೆ ಬಾಗಿಲು ಹಾಕಿದಷ್ಟೇ ಸಹಜ. ಹೊದಿಕೆಯ ಅಡಿ ಮಲಗಿದವರಿಗೆ ಬಿಸಿ ಯಾಕೆ, ಮೇಜು ಕುರ್ಚಿಗೇನು ಚಳಿಯೇ? ರೂಲಿನಾಳ ಅಮ್ಮ ದಿನಾ ಹೇಳುತ್ತಿದ್ದ ಮಾತದು. ಬಿಸ್ಕತ್ತಿನ ಡಬ್ಬ ಒಂದು ಸಲ ಸುತ್ತು ಬಂದರೆ ಮುಚ್ಚಳ ಬೀಳುವ ಮನೆ, ಕೇಕಿನ ಎರಡನೆಯ ತುಂಡು ಕೇಳಿದವರು ಹುಟ್ಟಿಯೇ ಇಲ್ಲದ ಮನೆ. ಗುಂಡಿ ಇಳಿಸದೆ ಮಲಗಿದ ಮಕ್ಕಳನ್ನು ಅಮ್ಮ ಹಾಸಿಗೆಯಿಂದ ಎಬ್ಬಿಸಿ ಇಳಿಸಲು ಕಳಿಸುತ್ತಿದ್ದಳು.

ಹುಟ್ಟುಹಬ್ಬದ ಹಿಂದಿನ ದಿನ ರೂಲಿನಾ ಮನೆಯೆಲ್ಲ ಉಜ್ಜಿ ತೊಳೆದಳು. ಕಿಟಕಿಗಾಜು, ದೀಪದ ಬುರುಡೆ, ಬಾಗಿಲ ಸಂದಿ. ನೆಂಟರು ಮೊದಲು ಕಾಫಿ ಕುಡಿಯುವುದಿಲ್ಲ, ಧೂಳು ಹುಡುಕುತ್ತಾರೆ. ಗೋಡೆಯ ಮೇಲೆ ಆ ಕೆಂಪು ಟೇಪು ಅಂಚಿನಲ್ಲಿ ಎದ್ದು ಕೊಳೆಯಾಗಿತ್ತು. "ಅಸಹ್ಯ" ಎಂದು ಅವಳು ಕಿತ್ತು ಕಸಕ್ಕೆ ಹಾಕಿ, ಗುಂಡಿಯನ್ನು ಒದ್ದೆ ಬಟ್ಟೆಯಲ್ಲಿ ಥಳಥಳ ಒರೆಸಿದಳು. ರಾತ್ರಿ ದಣಿದು ಮಲಗಲು ಹೊರಟಾಗ, ನಾಳೆ ಅಣ್ಣನ ಮುಖ ಹೇಗಾಗುತ್ತದೆಂದು ನೆನೆದು ನಗುತ್ತಾ ಹೋದವಳ ಕೈ, ಅವಳನ್ನು ಕೇಳದೆಯೇ ಗೋಡೆಯತ್ತ ಚಾಚಿ ಗುಂಡಿಯನ್ನು ಹದಿನೈದಕ್ಕೆ ತಿರುಗಿಸಿತು. ಹುಟ್ಟುಗುಣ ಸುಟ್ಟರೂ ಹೋಗದು.

ಬೆಳಿಗ್ಗೆ ಮಂಚದಿಂದ ಇಳಿದ ಕೂಡಲೇ ಪಾದಕ್ಕೆ ಗೊತ್ತಾಯಿತು. ಓಡಿ ಹೋಗಿ ನೋಡಿದರೆ ಹದಿನೈದೂವರೆ. ಗುಂಡಿಯ ಗುರುತು ಹದಿನೈದರ ಮೇಲೆ ಕೂತಿತ್ತು. ಹೊರಗೆ ಕಿಟಕಿಯ ಗಾಜಿಗೆ ಹಿಮ ಕಟ್ಟಿತ್ತು.

"ಡೆರ್ಕ್! ನೀನೇನಾದ್ರೂ ಮುಟ್ಟಿದ್ಯಾ?"

"ನಾನಾ? ನಿನ್ನೆ ನಿನಗಿಂತ ಮೊದಲೇ ಮಲಗಿದ್ನಲ್ಲ."

ಅವಳಿಗೆ ಎಲ್ಲವೂ ನೆನಪಾಯಿತು. ಒರೆಸಿದ್ದು, ನಕ್ಕದ್ದು, ತಿರುಗಿಸಿದ್ದು. ತನ್ನ ಬಲಗೈಯನ್ನು ನೋಡಿಕೊಂಡಳು, ಬೇರೆ ಯಾರದೋ ಕೈ ತಂದು ಅಂಟಿಸಿದ್ದಾರೇನೋ ಎಂಬಂತೆ. ಅಣ್ಣ ಸೋಲಿಸಲಿಲ್ಲ, ಗಾಳಿ ಸೋಲಿಸಲಿಲ್ಲ, ತೀರಿಹೋದ ಅಮ್ಮ ಬಂದು ಸೋಲಿಸಿ ಹೋದಳು. ಅವಳು ಗುಂಡಿಯನ್ನು ಇಪ್ಪತ್ತೊಂದಕ್ಕೆ ಏರಿಸಿದಳು. ಹಿತ್ತಲಿನ ಎತ್ತು ಹೊರೆ ಎಳೆಯತೊಡಗಿತು. ಕಾಫಿ ಕುಡಿದು ಬಂದು ನೋಡಿದರೆ ಅಂಕಿ ಅಲ್ಲೇ ಇತ್ತು. ಸ್ನಾನ ಮಾಡಿ ಬಂದಾಗ ಹದಿನಾರು.

ಡೆರ್ಕ್ ಮೀಸೆ ಕಚ್ಚುತ್ತಾ ಅವಳ ಹಿಂದೆಯೇ ಸುತ್ತುತ್ತಿದ್ದ. ಕೊನೆಗೆ ತಡೆಯಲಾರದೆ ಚಾವಣಿಯತ್ತ ಕಣ್ಣು ಮಾಡಿದ.

"ಏನು?"

"ಅಟ್ಟದಲ್ಲಿ ಬಾಯ್ಲರ್ ಇನ್ನೂ ಇದೆ. ಗ್ಯಾಸೂ ಇದೆ. ಕೀಳೋರು ಬರೋದು ಹತ್ತಕ್ಕೆ. ಒಂದು ಗಂಟೆ ಹಚ್ಚಿದ್ರೆ ಸಾಕು ಕಣೇ, ಮನೆ ಇಪ್ಪತ್ತೊಂದು ಮುಟ್ಟುತ್ತೆ. ಆಮೇಲೆ ಪಂಪು ಹಿಡ್ಕೊಳ್ಳುತ್ತೆ. ಯಾರಿಗೆ ಗೊತ್ತಾಗುತ್ತೆ?"

ಸುಳ್ಳು ಹೇಳುವುದೇಕೆ, ರೂಲಿನಾಳಿಗೂ ಅದೇ ಯೋಚನೆ ಬಂದಿತ್ತು, ಡೆರ್ಕ್‌ಗಿಂತ ಮೊದಲೇ. ಅವಳು ಏಣಿ ಹತ್ತಿ ಅಟ್ಟಕ್ಕೆ ಹೋದಳು. ಬಾಯ್ಲರು ಅಲ್ಲಿ ಧೂಳು ಹಿಡಿದು ನೇತಾಡುತ್ತಿತ್ತು. ಒಂದು ಗುಂಡಿ ಒತ್ತಿದರೆ ಆಯಿತು, ಧಗ್ ಎಂದು ನೀಲಿ ಉರಿ ಏಳುತ್ತದೆ. ಮಧ್ಯಾಹ್ನ ರೈಂಟ್ ಎದ್ದು ನಿಂತು ಬಿರುಕಿಗೆ ಬೆರಳಿಡುತ್ತಾನೆ. ಇಷ್ಟು ವರ್ಷ ಕಾದ ಮಾತು ಕೈಗೆಟುಕುವಷ್ಟು ಹತ್ತಿರವಿತ್ತು. ಅವಳ ಬೆರಳು ಗುಂಡಿಯ ಮೇಲೆ ಇತ್ತು ಕೂಡ.

ಡೆರ್ಕ್ ಏಣಿಯ ಬುಡದಿಂದ ಕೂಗಿದ. "ಹತ್ಕೊಳ್ತಾ?"

"ಇಲ್ಲ."

"ಕೆಟ್ಟಿದ್ಯಾ?"

"ಚೆನ್ನಾಗಿದೆ. ನಾನು ಹಚ್ತಾ ಇಲ್ಲ." ಅವಳು ಇಳಿದು ಬಂದಳು. ಮುಖ ಕೆಂಪಾಗಿತ್ತು. "ಗ್ಯಾಸ್ ಉರಿಸಿ ಗೆದ್ರೆ, ಗೆದ್ದಿದ್ದು ಯಾರು? ಗ್ಯಾಸೇ. ಅವನ ಬಾಯಿಂದ ನಿಜ ಹೇಳ್ಸೋಕೆ ನಾನು ಸುಳ್ಳು ಉರಿಸ್ಲಾ?"

"ಹಾಗಾದ್ರೆ ಕೊಳವೆ ಕೀಳೋರಿಗೆ ಬೇಡ ಅಂತ ಫೋನ್ ಮಾಡ್ಲಾ? ಬೇಸಿಗೇಲಿ ನೋಡ್ಕೊಳ್ಳೋಣ."

"ಡೆರ್ಕ್, ನಿನಗೆ ತಿಂಡಿ ಬೇಕಾ ಬೇಡ್ವಾ?"

ಡೆರ್ಕ್‌ಗೆ ತಿಂಡಿ ಬೇಕಿತ್ತು. ಆ ಮಾತು ಅಲ್ಲಿಗೆ ಮುಗಿಯಿತು.

ಹತ್ತಕ್ಕೆ ಸರಿಯಾಗಿ ವ್ಯಾನು ಬಂತು. ಯೋರಿಟ್ ಎಂಬ ಎತ್ತರದ ಮನುಷ್ಯ ಇಳಿದು, ಕೈಯುಜ್ಜುತ್ತಾ ಒಳಗೆ ಬಂದು, ಕೋಣೆಯ ಚಳಿಗೆ ಹುಬ್ಬೇರಿಸಿದ. "ಮೋಯ್" ಎಂದು ಆ ಸೀಮೆಯ ನಮಸ್ಕಾರ ಹೇಳಿದ. "ನಿಮ್ಮ ಹೊಸ ಹೀಟಿಂಗು ಸರಿಯಾಗಿ ಓಡ್ತಿದ್ಯಾ? ಕತ್ತರಿಸಿದ ಮೇಲೆ ಮತ್ತೆ ಜೋಡ್ಸೋದು ಅಷ್ಟು ಸುಲಭ ಅಲ್ಲ. ನೀವು ಬೇಕಾದ್ರೆ ಇನ್ನೊಂದ್ಸಲ ಯೋಚ್ನೆ…"

"ನೀವು ಗೀವು ಬೇಡ, ನಾನೇನು ರಾಣಿಯಾ? ನೀನು ಅನ್ನು. ಹೀಟಿಂಗ್ ಸರಿಯಾಗೇ ಇದೆ, ಕೆಟ್ಟಿರೋದು ನನ್ನ ಕೈ. ಅಗೆಯೋಕೆ ಶುರು ಮಾಡು."

ಮೇಲಿನ ಮಣ್ಣು ಕಲ್ಲಾಗಿತ್ತು. ಯೋರಿಟ್ ಮತ್ತು ಅವನ ಜೊತೆಗಾರ ಯಂತ್ರದಿಂದ ಒಡೆದು ಬೀದಿಯಲ್ಲಿ ಗುಂಡಿ ತೋಡಿದರು. ಎದುರು ಮನೆಯವರು ಪರದೆ ಸರಿಸಿ ನೋಡಿದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬಾತ ನಿಂತು, "ಬುದ್ಧಿ ಇರೋರು ಇಂಥ ಚಳೀಲಿ ಗ್ಯಾಸ್ ಕೀಳಿಸ್ತಾರಾ?" ಅಂದ. "ಬುದ್ಧಿ ಇರೋರು ಇಂಥ ಚಳೀಲಿ ನಿಂತು ನೋಡ್ತಾರಾ?" ಎಂದಳು ರೂಲಿನಾ. ಅವಳು ಅಂಗಳ ಬಿಟ್ಟು ಕದಲಲಿಲ್ಲ. ಬೀದಿಯ ಕಡೆಯ ಬಾಯಿಗೆ ಅವರು ಬಿರಡೆ ಜಡಿದರು, ಮೀಟರು ಬಿಚ್ಚಿದರು, ಆಮೇಲೆ ಗೋಡೆಯೊಳಗಿಂದ ಹಳದಿ ಬಣ್ಣ ಹಚ್ಚಿದ ಕೊಳವೆ ಕಿರ್ರನೆ ಹೊರಗೆ ಬಂತು. ಅದು ಒಳಗೆ ಹೋದ ವರ್ಷ ಅವಳಿಗೆ ನೆನಪಿತ್ತು. ಇದೇ ಮನೆಯಲ್ಲಿ ಹುಟ್ಟಿದ ಅಣ್ಣ ತಂಗಿ ಇಬ್ಬರೂ ಈ ಅಂಗಳದಲ್ಲೇ ನಿಂತು ನೋಡಿದ್ದರು, ಅಪ್ಪ ಕಲ್ಲಿದ್ದಲಿನ ಒಲೆಯನ್ನು ಹೊರಗೆಸೆದು ಕುಣಿದಿದ್ದ. ಅಂದು ಅವಳೂ ಕುಣಿದಿದ್ದಳು. ಇವತ್ತು ಕುಣಿಯಲಿಲ್ಲ, ಆದರೆ ಒಳಗೆಲ್ಲೋ ಹಲ್ಲು ಕಿತ್ತ ಮೇಲಿನ ಹಾಯೆನ್ನುವ ನಿರಾಳ.

"ಅದನ್ನ ನನಗೆ ಕೊಟ್ಟು ಹೋಗು."

"ಈ ತುಕ್ಕು ಕೊಳವೇನಾ? ಏನ್ಮಾಡ್ತೀಯಾ?"

"ಹುಟ್ಟುಹಬ್ಬ ಅಲ್ವಾ, ಅಲಂಕಾರಕ್ಕೆ."

ಯೋರಿಟ್ ನಕ್ಕು ಒಂದು ಮೊಳ ಕತ್ತರಿಸಿ ಕೊಟ್ಟ. ಅವಳು ಅದನ್ನು ಒರೆಸಿ, ಮೇಜಿನ ಮೇಲೆ ಕೇಕಿನ ಪಕ್ಕದಲ್ಲೇ ಇಟ್ಟಳು. ಗೋಡೆಯ ಅಂಕಿ ಹದಿನೇಳು.

ಎರಡು ಗಂಟೆಗೆ ನೆಂಟರು ಬಂದರು. ಅಲ್ಲಿನ ವಾಡಿಕೆಯಂತೆ ಒಬ್ಬರಿಗೊಬ್ಬರು ಕೈಕುಲುಕಿ, ಅವಳಿಗೆ ಅಭಿನಂದನೆ, ಹೆಂಡತಿಯ ಹುಟ್ಟುಹಬ್ಬಕ್ಕೆಂದು ಡೆರ್ಕ್‌ಗೆ ಅಭಿನಂದನೆ, ತಂಗಿಯ ಹುಟ್ಟುಹಬ್ಬಕ್ಕೆಂದು ರೈಂಟನಿಗೆ ಅಭಿನಂದನೆ, ಹೀಗೆ ಎಲ್ಲರೂ ಎಲ್ಲರಿಗೂ ಹೇಳಿ ಮುಗಿಸಿ ಗೋಡೆಗೆ ಸುತ್ತ ಹಾಕಿದ ಕುರ್ಚಿಗಳಲ್ಲಿ ಕೂತರು. ರೈಂಟ್ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದ. ಒಬ್ಬರೂ ಕೋಟು ಬಿಚ್ಚಲಿಲ್ಲ. ಅವನಂತೂ ಉಣ್ಣೆಯ ಟೋಪಿ, ಕೈಗವಸು, ಮೊಣಕಾಲು ಮುಟ್ಟುವ ಮೇಲಂಗಿ ಸಮೇತ ಧ್ರುವಪ್ರದೇಶಕ್ಕೆ ಹೊರಟವನ ಹಾಗೆ ಕೂತಿದ್ದ. ಅಪ್ಪನ ತಂಗಿ, ತೊಂಬತ್ತರ ಸೀಪಿ ಅತ್ತೆಯನ್ನು ಕಂಬಳಿ ಸುತ್ತಿ ಅವನ ಪಕ್ಕದಲ್ಲೇ ಕೂರಿಸಿದ್ದರು. ಅವಳಿಗೆ ಕಿವಿ ಮಂದ, ಹೊಟ್ಟೆ ಚುರುಕು. ಆಗಲೇ ಕೇಕಿನ ಕಡೆ ನೋಡುತ್ತಿದ್ದಳು.

"ಕೇಕಿನ ಪಕ್ಕ ಅದೇನೇ?" ಎಂದ ರೈಂಟ್. ನೋಡಿದ ಕ್ಷಣವೇ ಅವನಿಗೆ ಗುರುತು ಹತ್ತಿತ್ತು.

ರೂಲಿನಾ ಕುರ್ಚಿಗಳ ಚಕ್ರದ ನಡುವೆ ಬಂದು ನಿಂತಳು. ಸೋತೆನೆಂದು ತಲೆ ತಗ್ಗಿಸುವ ಜಾಯಮಾನ ಅವಳದಲ್ಲ. ಬಸ್ಸಿನಲ್ಲಿ ಟಿಕೆಟಿಲ್ಲದವನನ್ನು ನೋಡುವಂತೆ ಎಲ್ಲರನ್ನೂ ಒಮ್ಮೆ ನೋಡಿದಳು.

"ಕೋಟು ಯಾರೂ ತೆಗೀಬೇಡಿ. ತೆಗೆಯೋಷ್ಟು ಬಿಸಿ ಇಲ್ಲ. ಹದಿನೆಂಟು ಡಿಗ್ರಿ ಇದೆ, ಬೇಕಾದ್ರೆ ಎದ್ದು ನೋಡಿ. ನಿನ್ನೆವರೆಗೂ ಇಪ್ಪತ್ತಿತ್ತು. ರಾತ್ರಿ ಮಲಗೋಕೆ ಮುಂಚೆ ನಾನೇ ಗುಂಡಿ ಇಳಿಸ್ದೆ, ನಮ್ಮಮ್ಮನ ಮಗಳಲ್ವಾ, ಮರೆತು ಇಳಿಸ್ದೆ. ಪಣ ಅಂದ್ರೆ ಪಣ. ನಾನು ಸೋತೆ."

ಚಕ್ರದಲ್ಲಿ ಯಾರೋ ಕಿಸಕ್ಕೆಂದರು. ಅವಳು ಕೈ ಎತ್ತಿದಳು.

"ಇನ್ನೂ ಮುಗಿದಿಲ್ಲ. ಸೋತೆ ಅಂತ ಗ್ಯಾಸು ವಾಪಸ್ ಬರಲ್ಲ. ಕೊಳವೆ ಬೆಳಿಗ್ಗೇನೇ ಕಿತ್ತಾಯ್ತು, ಅಲ್ಲಿದೆ ನೋಡಿ ಅದರ ಹೆಣ. ಇಲ್ಲಿ ಹದಿನೆಂಟಲ್ಲ, ಎಂಟಾದ್ರೂ ಕಂಬಳಿ ಹೊದ್ದು ಕೂರ್ತೀನಿ, ಅದರ ಋಣದಲ್ಲಿ ಕೂರಲ್ಲ. ರೈಂಟ್, ಮಾತು ಕೊಟ್ಟಿದ್ದೆ, ಉಳಿಸ್ಕೋತೀನಿ. ಬಿರುಕಿನ ವಿಷಯ ನಿನ್ನೆದುರಿಗೆ ಇನ್ನು ಎತ್ತಲ್ಲ. ಡೆರ್ಕ್, ಕಾಫಿ ತಾ."

ರೈಂಟ್ ಗೆದ್ದಿದ್ದ. ಗೆದ್ದವನು ಏನಾದರೂ ಚುಚ್ಚಿ ಮಾತಾಡುತ್ತಾನೆಂದು ಎಲ್ಲರೂ ಕಾದರು. ಅವನು ಕೊಳವೆಯ ತುಂಡನ್ನೇ ನೋಡುತ್ತಿದ್ದ. ಕೈಗವಸು ಬಿಚ್ಚಿ, ಅದನ್ನೆತ್ತಿ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಎಷ್ಟೊತ್ತಿಗೆ ಬಂದಿದ್ರು?"

"ಹತ್ತಕ್ಕೆ."

"ನಿನಗೆ ಗೊತ್ತಾಗಿದ್ದು?"

"ಎದ್ದ ತಕ್ಷಣ."

"ಅಲ್ಲೀವರೆಗೂ ಗ್ಯಾಸ್ ಇತ್ತು. ಬಾಯ್ಲರೂ ಇತ್ತು." ಅವನು ತಲೆ ಎತ್ತಿದ. "ಒಂದು ಗಂಟೆ ಸಾಕಾಗಿತ್ತು ಕಣೇ. ಯಾಕೆ ಹಚ್ಚಲಿಲ್ಲ?"

"ಹಚ್ಚಲಿಲ್ಲ. ಅಷ್ಟೇ."

"ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ನಿನಗೆ ಗೊತ್ತಾಗ್ತಿರ್ಲಿಲ್ಲ, ರೈಂಟ್. ನನಗೆ ಗೊತ್ತಿರ್ತಿತ್ತು."

ಡೆರ್ಕ್ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ. ರೈಂಟ್ ಟೋಪಿ ತೆಗೆದ. ಮೇಲಂಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಒಳಗಿನ ಕೋಟಿನ ಮೇಲೆ ಬೆಳ್ಳಿಯ ಜ್ವಾಲೆ ಹೊಳೆಯಿತು. ಆ ಕೋಟನ್ನೂ ಬಿಚ್ಚಿ ಪಕ್ಕಕ್ಕಿಟ್ಟು, ಬರೀ ಅಂಗಿಯಲ್ಲಿ ಎದ್ದು ಚಕ್ರ ದಾಟಿ ಕಿಟಕಿಯ ಹತ್ತಿರ ಹೋದ. ಅವನು ಬಿರುಕಿಗೆ ಬೆರಳಿಟ್ಟ. ಬೆರಳು ಎರಡನೆಯ ಗೆಣ್ಣಿನವರೆಗೆ ಒಳಗೆ ಹೋಯಿತು.

"ಗ್ಯಾಸಿಂದ" ಎಂದ ಅವನು, ಗೋಡೆಗೆ ಹೇಳುವಂತೆ. "ನಾವು ಎಳೆದಿದ್ದಕ್ಕೆ."

"ಏನಂದ?" ಸೀಪಿ ಅತ್ತೆ ಕೂಗಿದಳು. "ಗೋಡೆ ಜೊತೆ ಏನೋ ಮಾತಾಡ್ತಾನೆ. ಈ ಕಡೆ ತಿರುಗಿ ಹೇಳೋ!"

ರೈಂಟ್ ತಿರುಗಿದ. ಬೆರಳು ತೆಗೆಯಲಿಲ್ಲ. "ಈ ಬಿರುಕು ಗ್ಯಾಸ್ ತೆಗೆದಿದ್ದರಿಂದ ಆಗಿದ್ದು ಅಂದೆ, ಅತ್ತೆ."

"ಜೋರಾಗಿ!"

"ನಾವು ಮಾಡಿದ್ದು!" ರೈಂಟನ ದನಿ ಕಿಟಕಿಯ ಗಾಜಿಗೆ ಬಡಿಯಿತು. "ನಾವು ಗ್ಯಾಸ್ ಎಳೆದ್ವಿ, ನೆಲ ನಡುಗ್ತು, ಇದು ಸೀಳ್ತು! ಅವತ್ತು ಇವಳು ಫೋನ್ ಮಾಡಿದಾಗ ನಾನು ಡ್ಯೂಟೀಲಿದ್ದೆ, ನಡುಕ ಅಳೆಯೋ ಯಂತ್ರದ ಮುಳ್ಳು ಎದ್ದು ಕುಣಿದಿದ್ದು ಕಣ್ಣಾರೆ ನೋಡಿದ್ದೆ! ಲಾರಿ ಅಲ್ಲ ಅಂತ ನನಗೆ ಆವಾಗ್ಲೇ ಗೊತ್ತಿತ್ತು!"

ಹಿತ್ತಲಿನಲ್ಲಿ ಪಂಪು ಮಾತ್ರ ಗುರ್ ಎನ್ನುತ್ತಿತ್ತು. ಸೀಪಿ ಅತ್ತೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಇದಕ್ಕಾ ಇಷ್ಟು ಕಿರುಚಾಟ? ಇದು ಇಡೀ ಊರಿಗೇ ಗೊತ್ತಿರೋದಲ್ವೇನೋ. ಕಾಫಿ ಎಲ್ಲಿ?"

ಎಲ್ಲರೂ ಒಟ್ಟಿಗೆ ನಕ್ಕರು, ಕಾಫಿ ಬಂತು. ನಗುವಿನ ಮರೆಯಲ್ಲಿ ರೂಲಿನಾ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಅವಳಿಗೆ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು, ಎರಡರಲ್ಲಿ ಯಾವುದು ಹೆಚ್ಚೆಂದು ಅವಳಿಗೇ ತಿಳಿಯಲಿಲ್ಲ. ಅವನಿಗೆ ಗೊತ್ತಿತ್ತು. ತಾನು ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತಿದ್ದಾಗಲೇ ಅವನಿಗೆ ಗೊತ್ತಿತ್ತು. ಚಾಕು ಎತ್ತಿ ಕೇಕು ಕೊಯ್ದು, ಅತ್ತೆಗೆ ಮೊದಲು, ಆಮೇಲೆ ಸುತ್ತ ಎಲ್ಲರಿಗೂ ಕೊಟ್ಟಳು. ಜನ ತುಂಬಿದ ಕೋಣೆ, ಕಾಫಿಯ ಹಬೆ, ಒಬ್ಬೊಬ್ಬರೇ ಕೋಟಿನ ಗುಂಡಿ ಸಡಿಲಿಸತೊಡಗಿದರು. ಗೋಡೆಯ ಅಂಕಿ ಹತ್ತೊಂಬತ್ತು ತೋರಿಸುತ್ತಿತ್ತು, ಯಾರೂ ನೋಡಲಿಲ್ಲ.

ರೈಂಟ್ ಅಂಗಿಯಲ್ಲೇ ಕೂತಿದ್ದ. ತೋರುಬೆರಳಿಗೆ ಬಿಳಿ ಸುಣ್ಣ ಮೆತ್ತಿತ್ತು, ಒರೆಸಿಕೊಂಡಿರಲಿಲ್ಲ. ಅವನು ಹುಟ್ಟಿದಾಗಿನಿಂದ ಮಾಡದ ಕೆಲಸವೊಂದನ್ನು ಮಾಡಿದ. ಖಾಲಿ ತಟ್ಟೆಯನ್ನು ತಂಗಿಯ ಕಡೆ ಚಾಚಿದ.

"ಇನ್ನೊಂದು ತುಂಡು ಸಿಗುತ್ತಾ?"

ರೂಲಿನಾ ತಟ್ಟೆ ತೆಗೆದುಕೊಂಡಳು. ಕೇಕು ಇನ್ನೂ ಅರ್ಧ ಉಳಿದಿತ್ತು.

"ಹನ್ನೆರಡು ವರ್ಷ ತಡವಾಗಿ ಬಂದೋರಿಗೆ ಒಂದೇ" ಎಂದು ಅವಳು ಕೇಕಿಗೆ ಮುಚ್ಚಳ ಹಾಕಿದಳು.